ನಮ್ಮ ನೌಕಾ ಆಟಕ್ಕೆ ವಿಮಾನ ಬೇಕು. ಹಡಗಿನಿಂದ ಹಾರಿಸುವುದು ಹೇಗೆ?

ಸುರತ್ಕಲ್_ಕೋಡರ್
ಎಲ್ಲರಿಗೂ ನಮಸ್ಕಾರ. ಹೊಸಬರಿಗೆ ಎರಡು ಮಾತು. ನಾವು ನಾಲ್ಕು ಜನ ಶನಿವಾರ ರಾತ್ರಿ ಕೂತು ಒಂದು ನೌಕಾ ಯುದ್ಧದ ಕಂಪ್ಯೂಟರ್ ಆಟ ಮಾಡುತ್ತಿದ್ದೇವೆ. ಸರದಿ ಪ್ರಕಾರ ಆಡುವ ಆಟ, ಒಂದು ಸರದಿ ಅಂದರೆ ಹತ್ತು ನಿಮಿಷ. ಕಾಲ 1905ರಿಂದ 1925. ತೋಪು, ಟಾರ್ಪಿಡೋ, ಕಲ್ಲಿದ್ದಲು, ಹೊಗೆ ಎಲ್ಲ ಆಯಿತು. ವಿಮಾನದಲ್ಲಿ ಸಿಕ್ಕಿಬಿದ್ದಿದ್ದೇವೆ.

ಈಗ ಇರುವುದು ಒಂದೇ ಬಟನ್: "ವಿಮಾನ ಹಾರಿಸು". ಒತ್ತಿದರೆ ದೂರದ ಶತ್ರು ಹಡಗು ಕಾಣುತ್ತದೆ. ಅಷ್ಟೇ. 1914ರ ಹಡಗಿಗೂ ಅದೇ ಬಟನ್, 1922ರ ಹಡಗಿಗೂ ಅದೇ ಬಟನ್. ಆಡುವಾಗ ಏನೂ ಮಜಾ ಇಲ್ಲ. ಆದರೆ ಆ ಕಾಲದಲ್ಲಿ ಹಡಗಿನಿಂದ ವಿಮಾನ ಹಾರಿಸಲು ಏನೇನೋ ಸರ್ಕಸ್ ಮಾಡಿದ್ದಾರೆ. ಕ್ರೇನಿನಲ್ಲಿ ನೀರಿಗಿಳಿಸಿದರು, ಮುಂಭಾಗಕ್ಕೆ ಮರದ ಅಟ್ಟ ಕಟ್ಟಿದರು, ತೋಪಿನ ಟರೆಟ್ (ತೋಪು ಕೂರಿಸಿದ ತಿರುಗುವ ಗೂಡು) ಮೇಲೆ ಹಲಗೆ ಹಾಕಿದರು, ವಿಮಾನವನ್ನು ಎಸೆಯುವ ಕೆಟಪಲ್ಟ್ ಯಂತ್ರ ಇಟ್ಟರು. ಇವನ್ನೆಲ್ಲ ಬೇರೆ ಬೇರೆಯಾಗಿ ಹಾಕಬೇಕಾ? ಹಾಕಿದರೆ ಆಡುವವನಿಗೆ ವ್ಯತ್ಯಾಸ ಗೊತ್ತಾಗಬೇಕಲ್ಲ, ಅದು ಹೇಗೆ?

ಗೋಳಿಬಜೆ_ಎರಡು_ಪ್ಲೇಟ್
ಒಂದು ವಿಧಾನ ಬಿಟ್ಟಿದ್ದೀರಿ. ಹಿಂದಿನಿಂದ ತಳ್ಳಿ ದೇವರ ಮೇಲೆ ಭಾರ ಹಾಕುವುದು.

ಕದ್ರಿ_ಕಮಾಂಡರ್
ನಗಬೇಡಿ, ಮೊದಲನೆಯದು ಹೆಚ್ಚುಕಡಿಮೆ ಹಾಗೇ ಆದದ್ದು. 1910ರ ನವೆಂಬರ್ 14, ಅಮೆರಿಕದ ಬರ್ಮಿಂಗ್‌ಹ್ಯಾಮ್ ಅನ್ನುವ ಕ್ರೂಸರ್. ಮುಂಭಾಗದಲ್ಲಿ 83 ಅಡಿ ಉದ್ದದ ಮರದ ಇಳಿಜಾರು ಕಟ್ಟಿದ್ದರು. ಯೂಜಿನ್ ಈಲಿ ತನ್ನ ಕರ್ಟಿಸ್ ವಿಮಾನ ಓಡಿಸಿಕೊಂಡು ಬಂದ. ತುದಿ ದಾಟಿದ್ದೇ ವಿಮಾನ ಸೀದಾ ಕೆಳಗೆ! ಚಕ್ರ ನೀರಿಗೆ ತಾಗಿ, ಕನ್ನಡಕದ ತುಂಬ ಉಪ್ಪುನೀರು ಎರಚಿ, ಹೇಗೋ ಮೇಲೆದ್ದು ಹತ್ತಿರದ ದಡದಲ್ಲಿ ಇಳಿಸಿದ. ಅವನಿಗೆ ಈಜು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಉಡುಪಿ_ಡೈಸ್
ಅದೇ ದಿನ ವಾಪಸ್ ಬಂದು ಹಡಗಿನ ಮೇಲೆ ಇಳಿದನಲ್ಲ?

ಕದ್ರಿ_ಕಮಾಂಡರ್
ಇಲ್ಲ ಇಲ್ಲ. ಇಳಿದದ್ದು ಎರಡು ತಿಂಗಳ ಮೇಲೆ, 1911ರ ಜನವರಿ 18ಕ್ಕೆ, ಬೇರೆ ಹಡಗಿನ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾ ಅಂತ. ಡೆಕ್‌ಗೆ ಅಡ್ಡ 22 ಹಗ್ಗ, ಪ್ರತಿ ಹಗ್ಗದ ಎರಡು ತುದಿಗೂ ಮರಳಿನ ಚೀಲ. ವಿಮಾನದ ಅಡಿಯಲ್ಲಿ ಕೊಕ್ಕೆ. ಕೊಕ್ಕೆ ಹಗ್ಗ ಹಿಡಿಯಿತು, ಚೀಲಗಳು ಎಳೆದು ನಿಲ್ಲಿಸಿದವು.

ಕಾಪು_ದೀಪ
ಮರಳಿನ ಚೀಲ ಹೋಗಿ ಯಂತ್ರ ಬಂತು, ಉಳಿದದ್ದು ಹಾಗೇ ಇದೆ ನೋಡಿ. ನಮ್ಮ ಹೊಸ ವಿಕ್ರಾಂತ್ ಮೇಲೂ ಇಳಿಯುವ ವಿಮಾನವನ್ನು ಕೊಕ್ಕೆ ಮತ್ತು ತಂತಿಯಲ್ಲೇ ಹಿಡಿಯುವುದು.

ಮಣಿಪಾಲ_ಮೆಸ್_ಊಟ
ಕಥೆ ಚೆನ್ನಾಗಿದೆ, ಆದರೆ ಆಟಕ್ಕೆ ಇದೆಲ್ಲ ಯಾಕೆ? ಮೊದಲೇ ನಿಮ್ಮ ಆಟದಲ್ಲಿ ಕಲ್ಲಿದ್ದಲು ಲೆಕ್ಕ ಹಾಕಿ ಹಾಕಿ ತಲೆ ಕೆಡುತ್ತದೆ. ಈಗ ಕ್ರೇನ್ ಬೇರೆ. ಒಂದು ಬಟನ್, ಒಂದು ಶೇಕಡಾವಾರು, ಮುಗೀತು. 1914ಕ್ಕೆ 40, 1918ಕ್ಕೆ 80. ಹಿನ್ನೆಲೆಯಲ್ಲಿ ಕ್ರೇನಾದರೂ ಆಗಲಿ, ಏಣಿಯಾದರೂ ಆಗಲಿ, ಆಡುವವನಿಗೆ ಏನು?

ಬಂದರ್_ಇಂಜಿನ್_ರೂಮ್
ಮಣಿಪಾಲದ ತಮ್ಮನಿಗೆ ಒಂದು ಮಾತು. ನಾನು ಮೂವತ್ತು ವರ್ಷ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು. ಈಗ ಮನೆಯಲ್ಲಿ ಕೂತು ಮೊಮ್ಮಗನ ಜೊತೆ ನಿಮ್ಮ ಆಟ ಆಡುತ್ತೇನೆ.

ಕ್ರೇನಿನಲ್ಲಿ ಇಳಿಸುವುದು ಅಂದರೆ ಒಂದು ಶೇಕಡಾವಾರು ಅಲ್ಲ. ನಡುನೀರಿನಲ್ಲಿ ಹಡಗು ಓಲಾಡುವಾಗ ಕ್ರೇನಿನ ತುದಿಯಲ್ಲಿ ತೂಗುವ ಸಾಮಾನು ಹೇಗೆ ಆಡುತ್ತದೆ ಅಂತ ನೋಡಿದ್ದೀರಾ? ಒಮ್ಮೆ ಒಂದು ಪಂಪ್ ಇಳಿಸುವಾಗ ಓಲಾಟ ಜಾಸ್ತಿಯಾಗಿ ಅದು ಹಡಗಿನ ಪಕ್ಕಕ್ಕೆ ಬಡಿಯಿತು. ಕಬ್ಬಿಣದ ಪಂಪ್, ಬಣ್ಣ ಮಾತ್ರ ಹೋಯಿತು. ಅದರ ಜಾಗದಲ್ಲಿ ಮರ ಮತ್ತು ಬಟ್ಟೆಯ ವಿಮಾನ ಇದ್ದಿದ್ದರೆ? ಶಾರ್ಟ್ 184 ಅನ್ನುವ ಸೀಪ್ಲೇನ್ ಇತ್ತು, ನೀರಿನ ಮೇಲೆ ಇಳಿದು ಏಳುವ ವಿಮಾನ, ರೆಕ್ಕೆ ಬಿಡಿಸಿದರೆ 63 ಅಡಿ, ತೂಕ ಎರಡು ಟನ್ನಿಗೂ ಮೇಲೆ. ಅದನ್ನು ಷೆಡ್‌ನಿಂದ ತೆಗೆದು, ರೆಕ್ಕೆ ಬಿಡಿಸಿ, ಎತ್ತಿ, ಇಳಿಸಿ, ಕೊಕ್ಕೆ ಬಿಡಿಸಿ, ಇಂಜಿನ್ ಚಾಲೂ ಮಾಡಿ, ಆಮೇಲೆ ತೆರೆಯ ಮೇಲೆ ಓಡಿಸಿ ಎಬ್ಬಿಸಬೇಕು.

ಮುಖ್ಯ ವಿಷಯ ಏನೆಂದರೆ ಅಷ್ಟು ಹೊತ್ತೂ ಹಡಗು ನಿಂತಿರಬೇಕು. ನಿಂತ ಹಡಗಿಗೆ ಏನಾಗುತ್ತದೆ ಅಂತ 1914ರ ಸೆಪ್ಟೆಂಬರ್ 22ಕ್ಕೆ ಬ್ರಿಟಿಷರಿಗೆ ಗೊತ್ತಾಯಿತು. ಅವರ ಅಬೂಕಿರ್ ಹಡಗಿಗೆ ಟಾರ್ಪಿಡೋ ಬಿತ್ತು. ಜನರನ್ನು ಎತ್ತಲು ಹೋಗ್ ಮತ್ತು ಕ್ರೆಸ್ಸಿ ಅನ್ನುವ ಹಡಗುಗಳು ಹತ್ತಿರ ಬಂದು ನಿಂತವು. ಒಂದೇ ಒಂದು ಜರ್ಮನ್ ಸಬ್‌ಮರೀನ್, ಯು-9, ಮೂರನ್ನೂ ಮುಳುಗಿಸಿತು. ಈಗ ಹೇಳಿ, ಆಡುವವನಿಗೆ ಏನೂ ಇಲ್ಲವಾ?

ಕಾಪು_ದೀಪ
ಅಂಕಲ್, ಅದೇ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕ್‌ಗಳಿಗೆ ಗುಂಡು ಹಾರಿಸಿದ್ದು! ಎರಡೂ ಒಂದೇ ದಿನ ಅಂತ ಈಗ ಹೊಳೆಯಿತು.

ಮಣಿಪಾಲ_ಮೆಸ್_ಊಟ
ಸರಿ, ನಿಲ್ಲಬೇಕು ಅನ್ನುವುದು ಒಳ್ಳೆಯ ನಿಯಮ. ಅದನ್ನು ಒಪ್ಪುತ್ತೇನೆ. ಉಳಿದದ್ದು ಇನ್ನೂ ಒಪ್ಪಿಲ್ಲ.

ಸುರತ್ಕಲ್_ಕೋಡರ್
ಕ್ರೇನ್ = ಮೂರು ಸರದಿ, ವೇಗ ಸೊನ್ನೆ. ಬರೆದುಕೊಂಡೆ. ಮೂರು ಜಾಸ್ತಿ ಆಯಿತಾ?

ಕದ್ರಿ_ಕಮಾಂಡರ್
ಸರಿಯಾಗಿದೆ. ಬ್ರಿಟಿಷರಿಗೂ ಜರ್ಮನರಿಗೂ ನಡೆದ ಜಟ್ಲಂಡ್ ನೌಕಾ ಕದನ ನೋಡಿ, 1916ರ ಮೇ 31. ಎಂಗಡೈನ್ ಹಡಗಿಗೆ ವಿಮಾನ ಕಳಿಸಿ ಅಂತ ಆದೇಶ ಬಂದ ಮೇಲೆ ರಟ್‌ಲಂಡ್ ಎಂಬ ಪೈಲಟ್‌ನ ಶಾರ್ಟ್ 184 ಮೇಲೇಳಲು ಸುಮಾರು ಅರ್ಧ ಗಂಟೆ ಹಿಡಿಯಿತು. ನಿಮ್ಮ ಲೆಕ್ಕದಲ್ಲಿ ಮೂರು ಸರದಿ. ಹೋದವರು ಜರ್ಮನ್ ಹಡಗುಗಳನ್ನು ಕಂಡರು, ವೈರ್‌ಲೆಸ್‌ನಲ್ಲಿ ಹೇಳಿದರು ಕೂಡ. ಎಂಗಡೈನ್‌ಗೆ ಸುದ್ದಿ ಮುಟ್ಟಿತು. ಅಲ್ಲಿಂದ ಅಡ್ಮಿರಲ್ ಬೀಟಿಯ ಹಡಗಿಗೆ ಮುಟ್ಟಲೇ ಇಲ್ಲ! ಆಮೇಲೆ ಪೆಟ್ರೋಲ್ ಪೈಪ್ ಒಡೆದು ಕೆಳಗಿಳಿದ, ರಬ್ಬರ್ ಟ್ಯೂಬ್ ಸುತ್ತಿ ರಿಪೇರಿ ಮಾಡಿದ. ಆ ಇಡೀ ಕದನದಲ್ಲಿ ಬ್ರಿಟಿಷರ ಕಡೆಯಿಂದ ಹಾರಿದ್ದು ಅದೊಂದೇ ವಿಮಾನ. ಹಾಗಾಗಿ "ಸಂದೇಶ ಮುಟ್ಟಿತಾ?" ಅನ್ನುವುದಕ್ಕೂ ಒಂದು ಡೈಸ್ ಇಡಿ.

ಗೋಳಿಬಜೆ_ಎರಡು_ಪ್ಲೇಟ್
ಮಳೆಗಾಲದಲ್ಲಿ ನಮ್ಮ ಮನೆಯ ನೆಟ್‌ವರ್ಕ್ ಇದ್ದ ಹಾಗೆ.

ಉಡುಪಿ_ಡೈಸ್
ಹಾಗಾದರೆ ಕ್ರೇನ್ ಬಿಟ್ಟು ನೇರ ಡೆಕ್‌ಗೆ ಹೋಗಿ. ಕ್ಯಾಂಪೇನಿಯಾ ಅಂತ ಒಂದು ಹಳೇ ಪ್ರಯಾಣಿಕರ ಹಡಗು ಇತ್ತಲ್ಲ, ಅದಕ್ಕೆ 120 ಅಡಿ ಡೆಕ್ ಹಾಕಿದರು. ಸೀಪ್ಲೇನ್ ಅಡಿಗೆ ಚಕ್ರದ ಗಾಡಿ ಕಟ್ಟಿ ಓಡಿಸಿದರು. ಅಲ್ಲಿಗೆ ಸಮಸ್ಯೆ ಮುಗಿಯಿತು.

ಕದ್ರಿ_ಕಮಾಂಡರ್
ಎಲ್ಲಿ ಮುಗಿಯಿತು? 1915ರ ಆಗಸ್ಟ್‌ನಲ್ಲಿ ಮೊದಲ ಸಲ ಎದ್ದಾಗ 120 ಅಡಿಯಲ್ಲಿ 113 ಅಡಿ ಖರ್ಚಾಗಿತ್ತು. ಅದೂ ಹಡಗು ಗಾಳಿಗೆ ಎದುರಾಗಿ 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ವೇಗದಲ್ಲಿ ಹೋಗುವಾಗ. ವಿಮಾನವೂ ಸಣ್ಣದು. ಅಂದರೆ ಏಳು ಅಡಿ ಉಳಿಯಿತು. ಆಮೇಲೆ ಡೆಕ್ ಉದ್ದ ಮಾಡಿದರು. ಇಷ್ಟೆಲ್ಲ ಮಾಡಿ ಜಟ್ಲಂಡ್ ದಿನ ಹೊರಡುವ ಸಿಗ್ನಲ್ ತಪ್ಪಿಸಿಕೊಂಡು, ತಡವಾಗಿ ಹೊರಟು, ವಾಪಸ್ ಕಳಿಸಿಕೊಂಡಿತು.

ಗೋಳಿಬಜೆ_ಎರಡು_ಪ್ಲೇಟ್
120 ಅಡಿಯಲ್ಲಿ 113! ನಾವು ಬಜ್ಪೆಯಲ್ಲಿ ಗುಡ್ಡದ ಮೇಲಿನ ರನ್‌ವೇ ನೋಡಿಯೇ ಸೀಟು ಗಟ್ಟಿ ಹಿಡಿಯುವವರು.

ಮಲ್ಪೆ_ತಾಂಡೇಲ
ಎಲ್ಲರೂ ಹೊರಡುವುದರ ಬಗ್ಗೆ ಮಾತಾಡುತ್ತಿದ್ದೀರಿ. ಬರುವುದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ.

ನಮ್ಮದು ಮೀನುಗಾರರ ಮನೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ಜೂನ್ ಜುಲೈ 61 ದಿನ ರಜೆ, ನಾಡದೋಣಿಯವರು ಮಾತ್ರ ಹೋಗುವುದು. ಅಪ್ಪ ಯಾವಾಗಲೂ ಹೇಳುವುದು ಒಂದೇ: ಹೊರಗೆ ಹೋಗುವಾಗ ತೆರೆ ಎದುರಿಗೆ ಕಾಣುತ್ತದೆ, ಲೆಕ್ಕ ಹಾಕಬಹುದು. ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ಒಳಗೆ ಬರುವಾಗ ತೆರೆ ಬೆನ್ನಿಗೆ ಬರುತ್ತದೆ, ಆಗ ದೋಣಿ ಮಗುಚುವುದು. ಬೆಳಿಗ್ಗೆ ಸಮುದ್ರ ಶಾಂತ ಉಂಟು ಅಂತ ಹೋದವರು ಸಂಜೆ ಅಳಿವೆ ಹೊರಗೆ ಎರಡು ಗಂಟೆ ಕಾದದ್ದು ನಾನೇ ನೋಡಿದ್ದೇನೆ. ಹೋಗುವ ಮೊದಲು ಬರುವ ಹೊತ್ತಿನ ಗಾಳಿ ಯೋಚಿಸಬೇಕು.

ನಿಮ್ಮ ಪೈಲಟ್‌ಗಳಿಗೆ ಅಳಿವೆ ಎಲ್ಲಿ ಉಂಟು?

ಕದ್ರಿ_ಕಮಾಂಡರ್
ಮಲ್ಪೆಯಣ್ಣ, ಸರಿಯಾದ ಜಾಗಕ್ಕೆ ಬಂದಿರಿ. ಅಳಿವೆಯೇ ಇರಲಿಲ್ಲ! ಹಾರಿಸಲು ಹತ್ತು ದಾರಿ ಕಂಡುಹಿಡಿದರು, ಚಕ್ರದ ವಿಮಾನ ವಾಪಸ್ ಬರಲು ವರ್ಷಗಟ್ಟಲೆ ದಾರಿಯೇ ಇರಲಿಲ್ಲ.

1917ರಲ್ಲಿ ಯಾರ್ಮತ್ ಅನ್ನುವ ಕ್ರೂಸರ್ ಮೇಲೆ ಬರೀ ಸುಮಾರು 20 ಅಡಿಯ ಹಲಗೆ ಹಾಕಿದರು. ಸಾಧ್ಯ ಅಂತ ತೋರಿಸಿದ್ದು ಮತ್ತೆ ಅದೇ ರಟ್‌ಲಂಡ್. ಸಾಪ್‌ವಿತ್ ಪಪ್ ಅಷ್ಟು ಹಗುರದ ವಿಮಾನ. ಹಡಗಿನ ವೇಗ 20 ನಾಟ್, ಎದುರು ಗಾಳಿ 10 ನಾಟ್ ಅಂದರೆ ವಿಮಾನ ನಿಂತಲ್ಲೇ ರೆಕ್ಕೆಗೆ 30 ನಾಟ್ ಗಾಳಿ ಸಿಕ್ಕಿತು. ಇನ್ನು ಸ್ವಲ್ಪ ಓಡಿದರೆ ಸಾಕು. ಆ ವರ್ಷ ಆಗಸ್ಟ್ 21ಕ್ಕೆ ಸ್ಮಾರ್ಟ್ ಎಂಬ ಪೈಲಟ್ ಅದೇ ಹಲಗೆಯಿಂದ ಎದ್ದು ಹೋಗಿ ಎಲ್-23 ಅನ್ನುವ ಜೆಪ್ಪೆಲಿನ್ (ಜರ್ಮನರ ಅನಿಲ ತುಂಬಿದ ವಾಯುನೌಕೆ) ಸುಟ್ಟ. ಆಮೇಲೆ? ಡಿಸ್ಟ್ರಾಯರ್ ಅನ್ನುವ ಸಣ್ಣ ವೇಗದ ಯುದ್ಧನೌಕೆಯ ಹತ್ತಿರ ಸಮುದ್ರಕ್ಕೆ ಇಳಿಸಿದ. ಅವನನ್ನು ಎತ್ತಿಕೊಂಡರು, ವಿಮಾನ ಹೋಯಿತು.

ಮಣಿಪಾಲ_ಮೆಸ್_ಊಟ
ಒಂದು ನಿಮಿಷ. ಅಂದರೆ ಒಂದು ಹಾರಾಟಕ್ಕೆ ಒಂದು ವಿಮಾನ ಬಲಿಯಾ?

ಕದ್ರಿ_ಕಮಾಂಡರ್
ಹತ್ತಿರದಲ್ಲಿ ನೆಲ ಇಲ್ಲದಿದ್ದರೆ ಹೌದು.

ಮಣಿಪಾಲ_ಮೆಸ್_ಊಟ
ಅದನ್ನು ಮೊದಲೇ ಹೇಳಬಾರದಾ! ಹಾಗಾದರೆ ಅದು ಬಟನ್ ಅಲ್ಲ, ಒಂದೇ ಸಲ ಆಡಬಹುದಾದ ಕಾರ್ಡ್. ಬೆಳಿಗ್ಗೆ ಹೊಗೆ ಕಂಡಿತು ಅಂತ ಹಾರಿಸಿದರೆ ಮಧ್ಯಾಹ್ನ ಜೆಪ್ಪೆಲಿನ್ ತಲೆ ಮೇಲೆ ಬಂದಾಗ ಕೈ ಖಾಲಿ. ಇದು ಮಜಾ ಇದೆ. ಇದಕ್ಕೆ ನಾನು ಆಡುತ್ತೇನೆ.

ಸುರತ್ಕಲ್_ಕೋಡರ್
ಇದು ನನಗೂ ಹೊಳೆದಿರಲಿಲ್ಲ. ನಮ್ಮ ಕೋಡಿನಲ್ಲಿ ವಿಮಾನ ತಾನಾಗಿ ವಾಪಸ್ ಬಂದು ಬಿಡುತ್ತದೆ. ಪಾರಿವಾಳದ ಹಾಗೆ.

ಉಡುಪಿ_ಡೈಸ್
ಪೈಲಟ್ ಎತ್ತಲು ಒಂದು ಡಿಸ್ಟ್ರಾಯರ್ ಸಾಲು ಬಿಟ್ಟು ಹೋಗಬೇಕು. ಅದನ್ನೂ ಆಡುವವನೇ ತೀರ್ಮಾನಿಸಲಿ. ಎತ್ತುತ್ತೀರಾ, ಬಿಟ್ಟು ಹೋಗುತ್ತೀರಾ? ಅನುಭವ ಇರುವ ಪೈಲಟ್ ಹೋದರೆ ಮುಂದಿನ ಹಾರಾಟಕ್ಕೆ ಡೈಸ್ ಕಷ್ಟ ಆಗಲಿ.

ಕಾಪು_ದೀಪ
ಡನ್ನಿಂಗ್ ಅಂತ ಒಬ್ಬ ಹಡಗಿನ ಮೇಲೆ ಇಳಿಯಲು ಹೋಗಿ ಮೊದಲ ಸಲವೇ ಸತ್ತನಲ್ವಾ? ಪಾಪ.

ಕದ್ರಿ_ಕಮಾಂಡರ್
ಮೊದಲ ಸಲ ಅಲ್ಲ ಅಕ್ಕ. 1917ರ ಆಗಸ್ಟ್ 2ಕ್ಕೆ ಫ್ಯೂರಿಯಸ್ ಹಡಗಿನ ಮೇಲೆ ಸರಿಯಾಗಿಯೇ ಇಳಿದ. ಚಲಿಸುವ ಹಡಗಿನ ಮೇಲೆ ಇಳಿದವರಲ್ಲಿ ಮೊದಲಿಗ. ಆ ಪಪ್‌ಗೆ ಬ್ರೇಕ್ ಇರಲಿಲ್ಲ. ಡೆಕ್ ಮೇಲಿದ್ದವರು ಓಡಿ ಬಂದು ವಿಮಾನಕ್ಕೆ ಕಟ್ಟಿದ್ದ ಪಟ್ಟಿ ಹಿಡಿದು ಎಳೆದು ನಿಲ್ಲಿಸಿದರು, ಕಂಬಳದ ಕೋಣ ಹಿಡಿದ ಹಾಗೆ. ಐದು ದಿನ ಬಿಟ್ಟು, ಆಗಸ್ಟ್ 7ಕ್ಕೆ, ಮೂರನೇ ಸಲ ಇಳಿಯುವಾಗ ವಿಮಾನ ಪಕ್ಕಕ್ಕೆ ಉರುಳಿ ನೀರಿಗೆ ಬಿತ್ತು. ಆಗ ತೀರಿಕೊಂಡ.

ಬಂದರ್_ಇಂಜಿನ್_ರೂಮ್
ಡೆಕ್ ಮತ್ತು ಹಲಗೆಯ ಬಗ್ಗೆ ಇನ್ನೊಂದು ವಿಷಯ. ಗಾಳಿಗೆ ಎದುರು ತಿರುಗಬೇಕು ಅಂದರೆ ಆ ಹಡಗು ಸಾಲು ಬಿಡಬೇಕು. ಗಾಳಿ ಶತ್ರುವಿನ ಕಡೆಯಿಂದ ಬಂದರೆ ಶತ್ರುವಿನ ಕಡೆಗೇ ಹೋಗಬೇಕು. ಉಲ್ಟಾ ಬಂದರೆ ಬೆನ್ನು ತೋರಿಸಿ ಓಡಬೇಕು, ಆಮೇಲೆ ಮತ್ತೆ ಹಿಡಿಯಲು ಕಲ್ಲಿದ್ದಲು ಸುಡಬೇಕು. ನಿಮ್ಮ ಕಲ್ಲಿದ್ದಲು ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಕದ್ರಿ_ಕಮಾಂಡರ್
ಅಂಕಲ್ ಹೇಳಿದ ತಾಪತ್ರಯಕ್ಕೇ ಟರೆಟ್ ಬಂದದ್ದು. ತೋಪಿನ ಟರೆಟ್ ಹೇಗೂ ತಿರುಗುತ್ತದೆ. ಅದರ ಮೇಲೆ ಹಲಗೆ ಹಾಕಿ, ಟರೆಟ್ಟನ್ನೇ ಗಾಳಿಯ ಕಡೆ ತಿರುಗಿಸಿದರೆ ಹಡಗು ದಾರಿ ಬದಲಿಸುವುದೇ ಬೇಡ. 1917ರ ಅಕ್ಟೋಬರ್ 1ಕ್ಕೆ ರಿಪಲ್ಸ್ ಹಡಗಿನ ಟರೆಟ್‌ನಿಂದ ಹಾರಿದ್ದು ಯಾರು ಹೇಳಿ?

ಗೋಳಿಬಜೆ_ಎರಡು_ಪ್ಲೇಟ್
ರಟ್‌ಲಂಡ್. ಬೇರೆ ಯಾರಿಗೂ ಕೆಲಸ ಇರಲಿಲ್ಲವಾ ಮಾರಾಯ್ರೆ?

ಕದ್ರಿ_ಕಮಾಂಡರ್
ಹೌದು, ಅವನೇ! ಯುದ್ಧ ಮುಗಿಯುವಾಗ ಬ್ರಿಟಿಷರ ದೊಡ್ಡ ಹಡಗುಗಳು ಮತ್ತು ಕ್ರೂಸರ್‌ಗಳ ಮೇಲೆ ಎಲ್ಲ ಸೇರಿ ನೂರಕ್ಕೂ ಹೆಚ್ಚು ವಿಮಾನ ಇದ್ದವು. ಇದೇ ನಿಮ್ಮ ಆಟದ ಮುಖ್ಯ ವಿಧಾನ ಆಗಬೇಕು. ತೊಂದರೆ ಏನೆಂದರೆ ವಿಮಾನ ಕೂತಿರುವುದು ತೋಪಿನ ನೆತ್ತಿಯ ಮೇಲೆ. ಯುದ್ಧ ಶುರುವಾಗುವ ಮೊದಲು ಹಾರಿಸಬೇಕು.

ಉಡುಪಿ_ಡೈಸ್
ಅಂದರೆ ಟರೆಟ್ ವಿಮಾನಕ್ಕೆ ನಿಯಮ: ಆ ಟರೆಟ್ ಗುಂಡು ಹಾರಿಸಿದ ಕ್ಷಣ ವಿಮಾನ ಚಿಂದಿ. ಚೆನ್ನಾಗಿದೆ! ಕೈಯಲ್ಲಿ ಬಿಸಿ ಪತ್ರೊಡೆ ಹಿಡಿದ ಹಾಗೆ, ಬೇಗ ತಿನ್ನಬೇಕು, ಇಲ್ಲ ಬಿಡಬೇಕು.

ಗೋಳಿಬಜೆ_ಎರಡು_ಪ್ಲೇಟ್
ಪತ್ರೊಡೆ ಅಂದ್ರಲ್ಲ, ಈ ವಾರ ಎಲ್ಲಿ ಸೇರುವುದು? ಕಳೆದ ಸಲದ ಹೋಟೆಲ್ ಬೇಡ. ಮೂರು ಗಂಟೆ ಕೂತೆವು ಅಂತ ಕೊನೆಗೆ ಫ್ಯಾನ್ ಆಫ್ ಮಾಡಿದರು.

ಕಾಪು_ದೀಪ
ಆರು ಜನ ಸೇರಿ ಎರಡು ಪ್ಲೇಟ್ ಗೋಳಿಬಜೆ ತರಿಸಿದರೆ ಇನ್ನೇನು ಮಾಡುತ್ತಾರೆ? ನಮ್ಮ ಮನೆಗೆ ಬನ್ನಿ. ಅಮ್ಮ ನೀರು ದೋಸೆ ಮಾಡುತ್ತಾರೆ. ಆದರೆ ಚರ್ಚೆ ಮೆಲ್ಲಗೆ.

ಸುರತ್ಕಲ್_ಕೋಡರ್
ಬರುತ್ತೇವೆ ಅಕ್ಕ. ಈಗ ಕೆಟಪಲ್ಟ್ ಬಗ್ಗೆ ಹೇಳಿ. ಅದು ಬಂದ ಮೇಲೆ ಇದೆಲ್ಲ ಬೇಡವಾಗುತ್ತದಲ್ಲ?

ಬಂದರ್_ಇಂಜಿನ್_ರೂಮ್
ಕೆಟಪಲ್ಟ್ ಮೊದಲೇ ಬಂದಿತ್ತು, ಕೆಲಸಕ್ಕೆ ಬಂದದ್ದು ತಡ. ಅಮೆರಿಕದವರು 1912ರಲ್ಲೇ ಒತ್ತಿಟ್ಟ ಗಾಳಿಯಿಂದ ಎಸೆಯುವ ಯಂತ್ರ ಮಾಡಿದರು. ಟಾರ್ಪಿಡೋ ಹಾರಿಸಲು ಆ ಗಾಳಿ ಹಡಗಿನಲ್ಲಿ ಹೇಗೂ ಇರುತ್ತಿತ್ತು. ಜುಲೈನಲ್ಲಿ ಮೊದಲ ಪ್ರಯತ್ನ. ಎಲಿಸನ್ ಎಂಬ ಪೈಲಟ್. ವಿಮಾನವನ್ನು ಗಾಡಿಗೆ ಬಿಗಿದಿರಲಿಲ್ಲ. ಅರ್ಧ ದಾರಿಯಲ್ಲೇ ಮೂತಿ ಎತ್ತಿ ಪಲ್ಟಿ, ನೇರ ನೀರಿಗೆ. ನವೆಂಬರ್ 12ಕ್ಕೆ ಸರಿ ಮಾಡಿಕೊಂಡು ಹಾರಿಸಿದರು. 1915ರ ನವೆಂಬರ್‌ನಲ್ಲಿ ನಾರ್ತ್ ಕೆರೊಲಿನಾ ಹಡಗಿನ ಹಿಂಭಾಗದಿಂದ ಹಾರಿಸಿದರು. ಆದರೆ ಆ ಯಂತ್ರ ಹಿಂದಿನ ತೋಪಿಗೆ ಅಡ್ಡ. ವಿಮಾನ ಬೇಕಾ, ತೋಪು ಬೇಕಾ? ಯುದ್ಧಕ್ಕಿಳಿದಾಗ ತೋಪು ಬೇಕು ಅಂದರು, ಕೆಟಪಲ್ಟ್ ಬಿಚ್ಚಿದರು.

ನಿಮ್ಮ ಆಟದಲ್ಲಿ 1920ರ ನಂತರ ಕೊಡಿ. ದುಬಾರಿ ಇಡಿ. ಮತ್ತೆ, ಹಾರಿಸಲು ಕೆಟಪಲ್ಟ್ ಬಂದರೂ ಸೀಪ್ಲೇನ್ ಎತ್ತಲು ಅದೇ ಕ್ರೇನ್. ಅದಕ್ಕೆ ಮಾತ್ರ ಬಿಡುಗಡೆ ಇಲ್ಲ.

ಮಲ್ಪೆ_ತಾಂಡೇಲ
ಹೇಳಿದೆನಲ್ಲ, ಅಳಿವೆ.

ಕದ್ರಿ_ಕಮಾಂಡರ್
ಒಂದು ವಿಚಿತ್ರ ವಿಧಾನ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಎಳೆಯುವ ದೋಣಿ. ಡಿಸ್ಟ್ರಾಯರ್ ಹಿಂದೆ ಒಂದು ಚಪ್ಪಟೆ ದೋಣಿ ಕಟ್ಟಿ 30 ನಾಟ್ ವೇಗದಲ್ಲಿ ಎಳೆಯುವುದು, ಅದರ ಮೇಲೆ ಸಾಪ್‌ವಿತ್ ಕ್ಯಾಮೆಲ್ ವಿಮಾನ. ಮೊದಲು ಪ್ರಯತ್ನಿಸಿದ್ದು ಸ್ಯಾಮ್ಸನ್. 1912ರಲ್ಲೇ ಚಲಿಸುವ ಹಡಗಿನಿಂದ ಮೊದಲು ಹಾರಿದವನು ಇವನು. 1918ರಲ್ಲಿ ಈ ದೋಣಿಯಿಂದ ಹಾರಲು ಹೋಗಿ ಮುಂದಕ್ಕೆ ಬಿದ್ದ, ದೋಣಿ ಅವನ ಮೇಲೇ ಹೋಯಿತು. ಬದುಕಿ ಬಂದ! ಅದೇ ವರ್ಷ ಆಗಸ್ಟ್ 11ಕ್ಕೆ ಕಲ್ಲಿ ಎಂಬವನು ಬರೀ ನಾಲ್ಕೈದು ಅಡಿ ಓಡಿ ಎದ್ದು, ಎಲ್-53 ಜೆಪ್ಪೆಲಿನ್ ಬೀಳಿಸಿದ. ಆ ಕ್ಯಾಮೆಲ್ ಈಗಲೂ ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

ಮಲ್ಪೆ_ತಾಂಡೇಲ
30 ನಾಟ್‌ನಲ್ಲಿ ಎಳೆಯುವ ದೋಣಿಯ ಮೇಲೆ ನಿಲ್ಲುವುದೇ ಕಷ್ಟ. ಹಗ್ಗ ತುಂಡಾದರೆ? ಆ ಜನಕ್ಕೆ ದೊಡ್ಡ ನಮಸ್ಕಾರ.

ಕಾಪು_ದೀಪ
ನನ್ನದೊಂದು ಬೇಡಿಕೆ. ಎಲ್ಲ ಉತ್ತರ ಸಮುದ್ರದ್ದೇ ಆಯಿತು. ನಮ್ಮ ಅರಬ್ಬಿ ಸಮುದ್ರಕ್ಕೂ ಒಂದು ಆಟ ಕೊಡಿ. ಜರ್ಮನಿಯ ವೋಲ್ಫ್ ಹಡಗು 1917ರ ಫೆಬ್ರವರಿಯಲ್ಲಿ ಕೊಲಂಬೊ ಮತ್ತು ಬೊಂಬಾಯಿ ಹತ್ತಿರ ಮೈನ್ ಹಾಕಿ ಹೋಯಿತು. ಅದರಲ್ಲಿ ವೋಲ್ಫ್‌ಷೆನ್ ಅಂತ ಒಂದು ಸೀಪ್ಲೇನ್ ಇತ್ತು, ಮರಿ ತೋಳ ಅಂತ ಅರ್ಥ. ಕ್ರೇನಿನಲ್ಲಿ ಇಳಿಸಿ, ಸುತ್ತ ಹಡಗು ಇದೆಯಾ ನೋಡಿಕೊಂಡು ಬರುತ್ತಿತ್ತು. 451 ದಿನ ಯಾವ ಬಂದರಿಗೂ ಹೋಗದೆ ತಿರುಗಿ ಊರು ಸೇರಿತು. ಅಂಥ ಒಂಟಿ ಹಡಗಿಗೆ ಒಂದೇ ವಿಮಾನ, ಮುರಿದರೆ ಬೇರೆ ಇಲ್ಲ. ಇಳಿಸುವುದಾ ಬೇಡವಾ ಅಂತ ಪ್ರತಿ ಸಲ ಯೋಚಿಸಬೇಕು.

ಮಣಿಪಾಲ_ಮೆಸ್_ಊಟ
ನನ್ನ ವೋಟು ಇದಕ್ಕೆ. ಎಮ್ಡೆನ್‌ಗೂ ಒಂದು ವಿಮಾನ ಕೊಟ್ಟು ನೋಡೋಣ, ಸುಮ್ನೆ ಕಾಲ್ಪನಿಕ.

ಕದ್ರಿ_ಕಮಾಂಡರ್
ಕಾಲ್ಪನಿಕ ಎಲ್ಲ ಬೇಡ.

ಮಣಿಪಾಲ_ಮೆಸ್_ಊಟ
ಆಟ ಅಂದರೆ ಕಾಲ್ಪನಿಕವೇ ಅಲ್ವಾ ಸರ್! ಇಲ್ಲದಿದ್ದರೆ ಪ್ರತಿ ಸಲ ಅವರೇ ಗೆಲ್ಲುತ್ತಾರೆ.

ಸುರತ್ಕಲ್_ಕೋಡರ್
ಜಗಳ ಭಾನುವಾರ ಕಾಪುವಿನಲ್ಲಿ ಮುಂದುವರಿಸಿ. ನಿನ್ನೆ ರಾತ್ರಿ ಕೂತು ಅರ್ಧ ಬರೆದೆ. ಬಟನ್ ತೆಗೆದಿದ್ದೇನೆ. ಈಗ ವಿಮಾನ ಹಾರಿಸುವ ಮೊದಲು ಆಟ ಕೇಳುತ್ತದೆ: ಎಲ್ಲಿ ಇಳಿಯುತ್ತೀರಿ? ನೆಲ, ಡಿಸ್ಟ್ರಾಯರ್ ಪಕ್ಕ, ಅಥವಾ ಹಡಗಿನ ಪಕ್ಕ. ಆ ಪರದೆಗೆ ನಾವು ಇಟ್ಟ ಹೆಸರು "ಅಳಿವೆ". ಮಲ್ಪೆಯಣ್ಣನ ಲೆಕ್ಕದಲ್ಲಿ.

ಪರೀಕ್ಷೆಗೆ 1914ರ ಕ್ರಿಸ್‌ಮಸ್ ದಿನ ಬ್ರಿಟಿಷರು ಜರ್ಮನಿಯ ಮೇಲೆ ಮಾಡಿದ ಕುಕ್ಸ್‌ಹಾವೆನ್ ದಾಳಿ ಹಾಕಿದೆ. ನಿಜದಲ್ಲಿ ಒಂಬತ್ತು ಸೀಪ್ಲೇನ್ ನೀರಿಗಿಳಿಸಿದ್ದರು, ಏಳು ಎದ್ದವು, ಮೂರು ಮಾತ್ರ ತಮ್ಮ ಹಡಗುಗಳ ಹತ್ತಿರ ವಾಪಸ್ ಬಂದವು. ನಮ್ಮ ಆಟದಲ್ಲಿ ಎರಡು ಎದ್ದವು. ಒಂದೂ ಬರಲಿಲ್ಲ.

ಬಂದರ್_ಇಂಜಿನ್_ರೂಮ್
ತೆರೆ ಎಷ್ಟು ಇಟ್ಟಿದ್ದೀರಿ?

ಸುರತ್ಕಲ್_ಕೋಡರ್
ನಾಲ್ಕು ಮೀಟರ್.

ಮಲ್ಪೆ_ತಾಂಡೇಲ
ನಾಲ್ಕು ಮೀಟರ್ ತೆರೆಗೆ ನಾವು ದೋಣಿ ಕೂಡ ಇಳಿಸುವುದಿಲ್ಲ ಮಾರಾಯ. ಅರ್ಧ ಮೀಟರ್ ಮಾಡು.